ಮುಚ್ಚಿದ ಮನೆಯ ಧೂಳು

ಅಕ್ಟೋಬರ್ 21

ಬೆಳಗಿನ ಜಾವ ಸುಟ್ಟ ವಾಸನೆಗೆ ಎಚ್ಚರವಾಯಿತು. ಮಗಳು ಒಲೆ ಆರಿಸುವುದನ್ನು ಮರೆತಳೇನೋ ಎಂದು ಕೆಳಗಿಳಿದು ನೋಡಿದರೆ ಅಡುಗೆಮನೆ ತಣ್ಣಗಿತ್ತು. ವಾಸನೆ ಬರುತ್ತಿದ್ದದ್ದು ಕಿಟಕಿಯ ಕೆಳಗೆ ನೆಲದಲ್ಲಿ ಕೂರಿಸಿರುವ ಕಬ್ಬಿಣದ ಜಾಲರಿಯಿಂದ. ಅಳಿಯ ಎದ್ದು ಬಂದು, "ಮನೆ ಬಿಸಿ ಮಾಡೋ ಫರ್ನೇಸ್ ಹಚ್ಚಿದ್ದು ಈ ಸಲಕ್ಕೆ ಇವತ್ತೇ ಮೊದಲು ಅತ್ತೆ. ಬೇಸಿಗೆಯೆಲ್ಲ ಒಳಗೆ ಕೂತಿದ್ದ ಧೂಳು ಸುಡ್ತಾ ಇದೆ, ಒಂದೆರಡು ಗಂಟೇಲಿ ಹೋಗುತ್ತೆ" ಎಂದರು. ಹೋಯಿತು. ಮೊದಲ ಮಳೆಗೆ ಮಣ್ಣು ಬಿಡುವ ವಾಸನೆ ಗೊತ್ತಿತ್ತು. ಧೂಳು ಬೆಂದ ವಾಸನೆ ಇದೇ ಮೊದಲು.

ನವೆಂಬರ್ 18

ಮಿನಿಯಾಪೊಲಿಸ್ ಹೊರವಲಯದ ಈ ಬೀದಿಯಲ್ಲಿ ಮಣ್ಣು ಕಣ್ಣಿಗೆ ಬಿದ್ದು ಒಂದು ವಾರವಾಯಿತು. ಅಂಗಳ, ರಸ್ತೆಯಂಚು, ಎದುರುಮನೆಯ ಹೂದೋಟ ಎಲ್ಲ ಹಿಮದಡಿ. ಕಿಟಕಿಗಳಿಗೆ ಎರಡೆರಡು ಗಾಜು, ಬಾಗಿಲ ಅಂಚಿಗೆ ರಬ್ಬರು ಪಟ್ಟಿ. ಮಾರ್ಚ್‌ವರೆಗೆ ಯಾರೂ ಕಿಟಕಿ ತೆರೆಯುವುದಿಲ್ಲವಂತೆ. ಹೀಗಿದ್ದೂ ಸೋಮವಾರ ಒರೆಸಿದ ಟಿವಿ ಮೇಜಿನ ಮೇಲೆ ಗುರುವಾರಕ್ಕೆ ಬೂದುಬಣ್ಣದ ಪದರ.

ನಾನು ಹೊಸಪೇಟೆಯವಳು. ಧೂಳಿನ ವಿಷಯದಲ್ಲಿ ನಮ್ಮೂರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ ಒಗೆದ ಬಿಳಿ ಸೀರೆ ತಂತಿಯ ಮೇಲೇ ಕೆಂಪಾಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಮೇಲೆ, ನಮ್ಮ ಮನೆ ಮುಂದಿನ ಬೇವಿನ ಎಲೆಗಳ ಹಸಿರು ಮತ್ತೆ ಕಂಡಿತು. ಆ ಧೂಳಿಗೆ ಬಣ್ಣವಿತ್ತು, ಬಂದ ದಾರಿಯಿತ್ತು, ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಈ ಬೂದು ಧೂಳು ಯಾವ ದಾರಿಯಲ್ಲಿ ಬಂತು? ಬೆರಳಲ್ಲಿ ಉಜ್ಜಿದೆ. ಮೆತ್ತಗಿದೆ, ಮರಳಿನ ಕಣ ಒಂದೂ ತಾಗಲಿಲ್ಲ.

ಸುಮ್ಮನೆ ಬಿಡುವ ಹಾಗಿಲ್ಲ. ಮೊಮ್ಮಗಳು ಅಂಬೆಗಾಲಿಡುತ್ತಿದ್ದಾಳೆ, ನೆಲ ಮುಟ್ಟಿದ ಕೈ ನೇರ ಬಾಯಿಗೆ ಹೋಗುತ್ತದೆ. ಮನೆ ಯಾವ ವರ್ಷದ್ದು ಎಂದು ಅಳಿಯನನ್ನು ಕೇಳಿದೆ. 1994ರದಂತೆ. ಅಷ್ಟರಮಟ್ಟಿಗೆ ಸಮಾಧಾನ. ಇಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಬೆರೆಸುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕೂ ಹಳೆಯ ಮನೆಗಳಾದರೆ ಧೂಳಿನ ಲೆಕ್ಕವೇ ಬೇರೆ.

ನವೆಂಬರ್ 20

ಕಪ್ಪು ಕಾಗದದ ಮೇಲೆ ಚಿಟಿಕೆ ಧೂಳು ಹರಡಿ ಭೂತಗನ್ನಡಿಯಲ್ಲಿ ನೋಡಿದೆ. ನೀಲಿ ಎಳೆ, ಕೆಂಪು ಎಳೆ, ಮಗುವಿನ ಕಂಬಳಿಯ ಹಳದಿ ಎಳೆ. ಕೂದಲು ಮೂರು, ಅದರಲ್ಲಿ ಬೆಳ್ಳಗಿನದು ನನ್ನದು. ಉಳಿದದ್ದೆಲ್ಲ ಹೊಟ್ಟಿನಂಥ ಪುಡಿ. ಅದರಲ್ಲಿ ಒಂದು ಪಾಲು ನಮ್ಮ ಚರ್ಮ. ಮೈಯ ಹೊರಪದರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಪೂರ್ತಿ ಉದುರಿ ಹೊಸದಾಗುತ್ತದೆ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಉದುರಿದ್ದು ಎಲ್ಲಿಗೆ ಹೋಗುತ್ತದೆಂದು ಆಗ ಯಾವ ಮಗುವೂ ಕೇಳಿರಲಿಲ್ಲ.

ಅಂದರೆ ಇದು ಹೊರಗಿನಿಂದ ಬಂದದ್ದಲ್ಲ. ಇದನ್ನು ಮಾಡುತ್ತಿರುವವರು ನಾವೇ ನಾಲ್ಕು ಜನ, ನಮ್ಮ ಬಟ್ಟೆಬರೆ, ಹಾಸಿಗೆ, ಕಾರ್ಪೆಟ್. ಊರಲ್ಲೂ ಇಷ್ಟೇ ಉದುರುತ್ತಿತ್ತು. ಅಲ್ಲಿ ತೆರೆದ ಕಿಟಕಿಯಿಂದ ಒಂದಿಷ್ಟು ಹೋಗುತ್ತಿತ್ತು, ದಿನಾ ನೆಲ ಒರೆಸಿದ ನೀರಲ್ಲಿ ಉಳಿದದ್ದು ಹೋಗುತ್ತಿತ್ತು. ಇಲ್ಲಿ ಹೋಗಲು ದಾರಿಯಿಲ್ಲ.

ಡಿಸೆಂಬರ್ 2

ಈ ಮನೆ ಉಸಿರಾಡುತ್ತದೆ. ಇವತ್ತು ಮಧ್ಯಾಹ್ನವೆಲ್ಲ ಅದನ್ನೇ ನೋಡಿದೆ. ಫರ್ನೇಸ್ ಬೇಸ್‌ಮೆಂಟಿನಲ್ಲಿದೆ, ಆಳೆತ್ತರದ ತಗಡಿನ ಪೆಟ್ಟಿಗೆ. ಒಳಗೆ ಗ್ಯಾಸ್ ಉರಿಯುತ್ತದೆ. ಆ ಹೊಗೆ ಬೇರೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ದೊಡ್ಡ ಫ್ಯಾನು ಮನೆಯ ಗಾಳಿಯನ್ನು ಬಿಸಿಮಾಡಿ ತಗಡಿನ ಡಕ್ಟ್‌ಗಳ ಮೂಲಕ ಪ್ರತಿ ಕೋಣೆಗೂ ಊದುತ್ತದೆ. ಗೋಡೆಯ ಬುಡದಲ್ಲಿರುವ ಅಗಲವಾದ ಜಾಲರಿಗಳು ಅದೇ ಗಾಳಿಯನ್ನು ವಾಪಸು ಎಳೆದುಕೊಳ್ಳುತ್ತವೆ. ಎಳೆಯುವ ಜಾಲರಿಗೆ ತೆಳು ಕಾಗದ ಹಿಡಿದೆ, ಅಂಟಿಕೊಂಡು ನಿಂತಿತು. ಊದುವ ಜಾಲರಿಯ ಮೇಲೆ ಹಿಡಿದೆ, ಹಾರಿಹೋಯಿತು. ಬೇಸಿಗೆಯಲ್ಲಿ ಮೂಲೆ ಹಿಡಿದು ಕೂತಿದ್ದ ಧೂಳಿಗೆ ಈಗ ದಿನಕ್ಕೆ ಹತ್ತಾರು ಸಲ ಸವಾರಿ.

ಈ ಸುತ್ತಿನಲ್ಲಿ ಧೂಳು ಸಿಕ್ಕಿಬೀಳಬಹುದಾದ ಜಾಗ ಒಂದೇ, ಫಿಲ್ಟರು. ಅಳಿಯ ಯಂತ್ರ ಆರಿಸಿ ಅದನ್ನು ಹೊರಗೆಳೆದರು. 25 ಇಂಚು ಉದ್ದ, 16 ಇಂಚು ಅಗಲ, 1 ಇಂಚು ದಪ್ಪದ ರಟ್ಟಿನ ಚೌಕಟ್ಟು. ಒಳಗೆ ಸೀರೆಯ ನೆರಿಗೆ ಹಿಡಿದ ಹಾಗೆ ಮಡಿಸಿದ ಬಟ್ಟೆ. ನೆರಿಗೆ ಕಾಣಿಸುತ್ತಲೇ ಇರಲಿಲ್ಲ. ಅದರ ಮೇಲೆ ಕಂಬಳಿಯ ತುಂಡಿನಂಥ ಬೂದು ಪದರ, ಉಗುರಲ್ಲಿ ಎತ್ತಿದರೆ ಹಾಳೆಯಾಗಿ ಎದ್ದು ಬಂತು. "ಯಾವಾಗ ಬದಲಾಯಿಸಿದ್ದು?" ಎಂದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚಳಿಗಾಲದಲ್ಲಿ ಇದನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಚೌಕಟ್ಟಿನ ಮೇಲಿನ ಬಾಣದ ಗುರುತು ಫರ್ನೇಸಿನ ಕಡೆಗಿರಬೇಕು.

ಫಿಲ್ಟರಿಗೆ 'ಮರ್ವ್' ಎಂಬ ಅಂಕಿ ಇರುತ್ತದೆ, 1ರಿಂದ 16. ಅಂಕಿ ಏರಿದಷ್ಟೂ ಹೆಚ್ಚು ಸಣ್ಣ ಕಣ ಹಿಡಿಯುತ್ತದೆ. ಇದ್ದದ್ದು 6. 13 ತರೋಣವೆಂದು ಮಗಳು ಹೊರಟಳು. ನಾನೇ ತಡೆದೆ. ಬಟ್ಟೆ ಬಿಗಿಯಾದಷ್ಟೂ ಫ್ಯಾನು ಹೆಚ್ಚು ಜಗ್ಗಬೇಕು. ಎಲ್ಲ ಫರ್ನೇಸಿಗೂ ಆ ಶಕ್ತಿ ಇರುವುದಿಲ್ಲ. ರಿಪೇರಿಯವನನ್ನು ಫೋನಿನಲ್ಲಿ ಕೇಳಿ 11 ತಂದೆವು. ಹೊಸದರ ಅಂಚಿನಲ್ಲಿ ಪೆನ್ಸಿಲಿನಿಂದ ಇವತ್ತಿನ ತಾರೀಖು ಬರೆದಿದ್ದೇನೆ.

ಡಿಸೆಂಬರ್ 11

ಹೊರಗೆ ಮೈನಸ್ 20. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಕಿಡಿ. ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಟಿವಿ ಪರದೆ ಒರೆಸಿದ ಹತ್ತು ನಿಮಿಷಕ್ಕೆ ಮತ್ತೆ ಎಳೆಗಳನ್ನು ಸೆಳೆದುಕೊಂಡಿರುತ್ತದೆ. ತೇವದ ಮಾಪಕ 18 ಪ್ರತಿಶತ ತೋರಿಸುತ್ತಿದೆ.

ಲೆಕ್ಕ ಹಾಕಿದೆ. ಮೈನಸ್ 20ರಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 1 ಗ್ರಾಂ ಆಸುಪಾಸು. 21 ಡಿಗ್ರಿಯಲ್ಲಿ 18 ಗ್ರಾಂ. ಸಂದಿಗೊಂದಿಯಿಂದ ಒಳಬಂದ ಹೊರಗಿನ ಗಾಳಿಯನ್ನು ಬಿಸಿಮಾಡಿದರೆ ನೀರು ಅಷ್ಟೇ ಇರುತ್ತದೆ, ಬಾಯಾರಿಕೆ ಹದಿನೆಂಟು ಪಟ್ಟು. ಆ ಬಾಯಾರಿಕೆಯನ್ನು ಗಾಳಿ ನಮ್ಮ ತುಟಿ, ಚರ್ಮ, ಮರದ ಮೇಜಿನಿಂದ ತೀರಿಸಿಕೊಳ್ಳುತ್ತದೆ. ಒಣಗಿದ ಚರ್ಮ ಹೊಟ್ಟೇಳುತ್ತದೆ, ಒಣಗಿದ ಧೂಳು ಒಂದಕ್ಕೊಂದು ಅಂಟದೆ ಹಗುರಾಗಿ ಏಳುತ್ತದೆ. ಸ್ನಾನ, ಅಡುಗೆಯ ಹಬೆ ಇಲ್ಲದಿದ್ದರೆ ಆ 18 ಕೂಡ ಇರುತ್ತಿರಲಿಲ್ಲ.

ಒಂದು ಒಳ್ಳೆಯದೂ ಇದೆ. ಹಾಸಿಗೆಯಲ್ಲಿ ಚರ್ಮದ ಹೊಟ್ಟು ತಿಂದು ಬದುಕುವ ಧೂಳುಹುಳಕ್ಕೆ ತೇವ ಬೇಕು. ಈ ಒಣಹವೆಯಲ್ಲಿ ಅದು ಬಹುಕಾಲ ಬಾಳದು.

ಡಿಸೆಂಬರ್ 19

ತೇವಕ್ಕೆಂದು ಮಗುವಿನ ಕೋಣೆಗೆ ಹ್ಯೂಮಿಡಿಫೈಯರ್ ತಂದು ಆರು ದಿನ. ಸದ್ದಿಲ್ಲದೆ ತಣ್ಣನೆಯ ಮಂಜು ಉಗುಳುತ್ತದೆ. ಮಾಪಕ 35ಕ್ಕೆ ಏರಿತು, ಮಗುವಿನ ಮೂಗು ಕಟ್ಟುವುದು ನಿಂತಿತು. ಆದರೆ ಧೂಳು ಕಡಿಮೆಯಾಗುವ ಬದಲು ಹೆಚ್ಚಾಗಿದೆ! ಅದೂ ಬೇರೆ ಥರದ್ದು: ಅಚ್ಚ ಬಿಳಿ, ವಿಭೂತಿಯಷ್ಟು ನಯ. ಕಪ್ಪು ಕಪಾಟಿನ ಮೇಲೆ ನಮ್ಮ ಬೆರಳಿನ ಗೆರೆಗಳೂ ಮೂಡುವಷ್ಟು ಸಮನಾಗಿ ಬಿದ್ದಿದೆ. ಎಳೆ ಇಲ್ಲ, ಕೂದಲಿಲ್ಲ. ಮಗುವಿನ ಪೌಡರೇನೋ ಎಂದರೆ ಈ ಮನೆಯಲ್ಲಿ ಪೌಡರೇ ಹಚ್ಚುವುದಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡೆ. ಸುಳಿವು ಕೊಟ್ಟದ್ದು ಚಹದ ಪಾತ್ರೆ, ಅದರ ಒಳಗೋಡೆಯ ಬಿಳಿ ಕರೆ. ಸ್ಟೀಲ್ ತಟ್ಟೆಯಲ್ಲಿ ಅರ್ಧ ಲೋಟ ನಲ್ಲಿನೀರು ಸುರಿದು ಸಣ್ಣ ಉರಿಯಲ್ಲಿ ಇಂಗಿಸಿದೆ. ನೀರು ಹೋಯಿತು, ಬಿಳಿ ಬಳೆ ಉಳಿಯಿತು. ಬೆರಳಿಗೆ ಹಚ್ಚಿ ನೋಡಿದೆ. ಕಪಾಟಿನ ಮೇಲಿನದೇ ಪುಡಿ.

ಈ ಯಂತ್ರ ನೀರನ್ನು ಕಾಯಿಸುವುದಿಲ್ಲ, ಕಂಪನದಿಂದ ಸಿಡಿಸುತ್ತದೆ. ಕುದಿಸಿದರೆ ಸುಣ್ಣದಂಶ ಪಾತ್ರೆಯಲ್ಲೇ ಉಳಿದು ಹಬೆ ಮಾತ್ರ ಏಳುತ್ತದೆ. ಸಿಡಿಸಿದಾಗ ಪ್ರತಿ ಹನಿಯೂ ತನ್ನ ಪಾಲಿನ ಸುಣ್ಣ ಹೊತ್ತು ಹಾರುತ್ತದೆ. ಹನಿ ಗಾಳಿಯಲ್ಲಿ ಒಣಗುತ್ತದೆ, ಸುಣ್ಣ ತೇಲುತ್ತದೆ. ಅಂದರೆ ಮಗು ಆರು ರಾತ್ರಿ ಇದನ್ನೇ ಉಸಿರಾಡಿದೆ. ಬಟ್ಟಿ ಇಳಿಸಿದ ನೀರಿನ ಕ್ಯಾನುಗಳನ್ನು ಈ ದಿನವೇ ತರಿಸಿದೆ. ಅದನ್ನೂ ತಟ್ಟೆಯಲ್ಲಿ ಇಂಗಿಸಿದೆ. ತಟ್ಟೆ ತೊಳೆದಿಟ್ಟ ಹಾಗೆ ಉಳಿಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದೂ ಇದನ್ನೇ, ಖನಿಜ ಕಡಿಮೆಯಿರುವ ನೀರು ಬಳಸಿ ಎಂದು. ಮನೆಯ ತೇವ 30ರಿಂದ 50ರ ನಡುವೆ ಇರಲಿ ಎಂದೂ ಅದು ಹೇಳುತ್ತದೆ. ಈ ಚಳಿಯಲ್ಲಿ 50ರವರೆಗೆ ಏರಿಸಲಾಗದು. 38 ಆದಾಗಲೇ ಕಿಟಕಿ ಗಾಜಿನ ಬುಡದಲ್ಲಿ ನೀರಿಳಿದು ಚೌಕಟ್ಟು ನೆನೆಯಿತು. ನೆನೆದ ಮರಕ್ಕೆ ಬೂಸ್ಟು ಬಂದರೆ ಧೂಳಿಗಿಂತ ದೊಡ್ಡ ಕಷ್ಟ. 32ಕ್ಕೆ ನಿಲ್ಲಿಸಿದ್ದೇನೆ.

ಜನವರಿ 4

ದೇವರ ಮನೆಯ ಬಾಗಿಲ ಕೆಳಗೆ, ಕಾರ್ಪೆಟ್ಟಿನ ಮೇಲೆ, ಸ್ಕೇಲು ಹಿಡಿದು ಎಳೆದಂಥ ಕಪ್ಪು ಗೆರೆ. ಸೋಪುನೀರಿಗೆ ಜಗ್ಗಲಿಲ್ಲ. ಗೋಡೆಯ ಬುಡದುದ್ದಕ್ಕೂ ಇನ್ನೊಂದು, ತೆಳುವಾಗಿ.

ಗಾಳಿ ಮುಚ್ಚಿದ ಬಾಗಿಲ ಸಂದಿಯಲ್ಲಿ ನುಗ್ಗುವಾಗ ಕಾರ್ಪೆಟ್ಟಿನ ಜುಂಗೇ ಫಿಲ್ಟರಾಗಿ ಕೆಲಸ ಮಾಡಿದೆ. ಬಿಸಿಗಾಳಿ ಮೇಲೇರಿ ಅಟ್ಟದ ಸಂದಿಗಳಿಂದ ಹೊರಟರೆ ಅದರ ಜಾಗ ತುಂಬಲು ಕೆಳಗಿನ ಸಂದಿಗಳಿಂದ ತಣ್ಣನೆಯ ಗಾಳಿ ಒಳಬರುತ್ತದೆ. ಹೊರಗಿನ ಚಳಿ ಹೆಚ್ಚಿದಷ್ಟೂ ಆ ಸೆಳೆತ ಹೆಚ್ಚು. ಕಪ್ಪು ಎಲ್ಲಿಂದ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಳಿಗ್ಗೆ ಸಂಜೆ ಎಣ್ಣೆದೀಪ, ಎರಡೆರಡು ಊದಿನಕಡ್ಡಿ, ಶುಕ್ರವಾರ ಧೂಪ. ಊರಲ್ಲಿ ಕಿಟಕಿ ಅದನ್ನು ಹೊರಗೆ ಕಳಿಸುತ್ತಿತ್ತು.

ಈ ವಿಷಯ ಬರೆಯಲು ನನಗೆ ಕಷ್ಟವಾಗುತ್ತಿದೆ. ದೀಪ ಬಿಡಲಾರೆ. ಬತ್ತಿ ಸಣ್ಣದು ಮಾಡಿದ್ದೇನೆ, ಉರಿ ಹೊಗೆಯಾಡದ ಹಾಗೆ. ಧೂಪ ಬೇಸಿಗೆಗೆ. ಊದಿನಕಡ್ಡಿ ಒಂದೇ, ಅದೂ ಒಲೆಯ ಮೇಲಿನ ಎಕ್ಸಾಸ್ಟ್ ಹಾಕಿ ಅದರಡಿ ಹಚ್ಚಿ, ದೇವರಿಗೆ ತೋರಿಸಿ, ಮತ್ತೆ ಅಲ್ಲೇ ತಂದಿಡುತ್ತೇನೆ. ಒಗ್ಗರಣೆಗೂ ಎಕ್ಸಾಸ್ಟ್ ಕಡ್ಡಾಯ.

ಜನವರಿ 13

ಡಕ್ಟ್ ತೊಳೆದುಕೊಡುತ್ತೇವೆಂದು ಯಾರೋ ವಾರದಲ್ಲಿ ಮೂರನೆಯ ಸಲ ಫೋನು. ಮನೆಮಂದಿಯ ಕಾಯಿಲೆಯೆಲ್ಲ ಅದರಿಂದಲೇ ಎನ್ನುವ ಧಾಟಿ. ಮಗಳು ಹೆದರಿದ್ದಳು. ವಾಡಿಕೆಯಾಗಿ ಡಕ್ಟ್ ತೊಳೆಸಬೇಕೆಂದು ಪರಿಸರ ಸಂಸ್ಥೆ ಹೇಳುವುದಿಲ್ಲ. ಒಳಗೆ ಬೂಸ್ಟು, ಇಲಿ ಇಲ್ಲವೇ ಗಾಳಿಗೆ ಅಡ್ಡವಾಗುವಷ್ಟು ಕಸ ಕಂಡರೆ ಮಾತ್ರ. ತಗಡಿಗೆ ಅಂಟಿ ಕೂತ ಧೂಳು ಅಲ್ಲೇ ಕೂತಿರುತ್ತದೆ.

ನೋಡಬೇಕಾದದ್ದು ಡಕ್ಟಿನ ಕೀಲುಗಳನ್ನು. ದೇವರಿಂದ ಉಳಿಸಿದ ಊದಿನಕಡ್ಡಿ ಇಲ್ಲಿ ಕೆಲಸಕ್ಕೆ ಬಂತು. ಬೇಸ್‌ಮೆಂಟಿನಲ್ಲಿ ವಾಪಸಿನ ಡಕ್ಟಿನ ಉದ್ದಕ್ಕೂ ಅದನ್ನು ಹಿಡಿದು ನಿಧಾನ ನಡೆದೆ. ಹೊಗೆ ನೆಟ್ಟಗೆ ಏಳುತ್ತಿತ್ತು, ನೆಟ್ಟಗೆ ಏಳುತ್ತಿತ್ತು, ಒಂದು ಮೂಲೆಯಲ್ಲಿ ಇದ್ದಕ್ಕಿದ್ದಂತೆ ಬಾಗಿ ಸರ್ರನೆ ತಗಡಿನೊಳಗೆ ನುಗ್ಗಿತು. ಅಲ್ಲಿ ನನ್ನ ಕಿರುಬೆರಳು ಹೋಗುವಷ್ಟು ಸಂದಿ, ಪಕ್ಕದಲ್ಲೇ ಬಟ್ಟೆ ಒಣಗಿಸುವ ಡ್ರೈಯರು, ನೆಲದ ತುಂಬ ಹತ್ತಿಯ ನವಿರು! ಫಿಲ್ಟರಿನ ಬಾಯಿಗೆ ಮುಚ್ಚಳವೂ ಇರಲಿಲ್ಲ. ಹಾಗಾಗಿ ಅರ್ಧ ಗಾಳಿ ಅದರ ಪಕ್ಕದಿಂದಲೇ ಹಾಯುತ್ತಿತ್ತು. ಹೊಸ ಫಿಲ್ಟರು ಹಾಕಿಯೂ ಧೂಳು ಇಳಿಯದಿದ್ದದ್ದು ಇದಕ್ಕೇ. ಇಂಥದ್ದಕ್ಕೆ ಬಟ್ಟೆಯ ಡಕ್ಟ್ ಟೇಪು ಆಗದು. 1998ರಲ್ಲಿ ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದ ಮ್ಯಾಕ್ಸ್ ಶರ್ಮನ್, ಇಯಾನ್ ವಾಕರ್ ಬಿಸಿಗಿಟ್ಟು ಪರೀಕ್ಷಿಸಿದಾಗ ಡಕ್ಟಿನ ಕೀಲಿನಲ್ಲಿ ಸೋತದ್ದು ಅದೇ ಟೇಪು. ಅಳಿಯ ಅಲ್ಯೂಮಿನಿಯಂ ಹಾಳೆಯ ಟೇಪು ತಂದು ಮೂರು ಕೀಲು ಮುಚ್ಚಿದರು, ಫಿಲ್ಟರಿನ ಬಾಯಿಗೆ ಕಾಂತದ ಪಟ್ಟಿ ಹಚ್ಚಿದರು. ಮತ್ತೆ ಊದಿನಕಡ್ಡಿ ಹಿಡಿದು ನಡೆದೆ. ಹೊಗೆ ಬಾಗಲಿಲ್ಲ.

ಜನವರಿ 22

ಕಣ ಎಷ್ಟು ಹೊತ್ತಿಗೆ ಇಳಿಯುತ್ತದೆ? ಗಾಳಿ ಅಲುಗದ ಕೋಣೆಯಲ್ಲಿ, ಮಿಲಿಮೀಟರಿನ ನೂರನೆಯ ಒಂದು ಪಾಲು ಗಾತ್ರದ್ದು ಎರಡು ಮೀಟರ್ ಇಳಿಯಲು ಸುಮಾರು 11 ನಿಮಿಷ. ಸಾವಿರದ ಒಂದು ಪಾಲಿನದು ಸುಮಾರು 16 ಗಂಟೆ. ಪೊರಕೆಯಿಂದ ಗುಡಿಸಿ, ಹಿಂದೆಯೇ ಕಪಾಟು ಒರೆಸಿ, ಮಾರನೆಯ ದಿನ ಮತ್ತೆ ಧೂಳು ಎಂದು ಗೊಣಗಿದರೆ ಕಾರಣ ಇಲ್ಲಿದೆ. ನಾವೇ ಎಬ್ಬಿಸಿದ್ದು ರಾತ್ರಿಯೆಲ್ಲ ಇಳಿದು ಬಂದಿರುತ್ತದೆ.

ನಮ್ಮ ಅವ್ವ ಅಂಗಳಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟಿದವಳಲ್ಲ. ಅದನ್ನೇ ಈ ಮನೆಗೆ ತಂದಿದ್ದೇನೆ. ಗರಿಯ ಕುಂಚ ಕಸದ ಬುಟ್ಟಿಗೆ ಹೋಯಿತು. ಹಿಂಡಿ ತೆಗೆದ ಒದ್ದೆ ಬಟ್ಟೆ, ಮೇಲಿನಿಂದ ಕೆಳಗೆ, ಮೊದಲು ಫ್ಯಾನಿನ ರೆಕ್ಕೆ, ಕೊನೆಗೆ ನೆಲ. ಕಾರ್ಪೆಟ್ಟಿಗೆ ಮಾತ್ರ ವ್ಯಾಕ್ಯೂಮ್, ಅದೂ ಹೆಪಾ ಫಿಲ್ಟರಿನದು. ಇಲ್ಲದಿದ್ದರೆ ಸಣ್ಣ ಧೂಳನ್ನು ಹಿಂದಿನಿಂದ ಉಗುಳುತ್ತದೆ.

ಫೆಬ್ರವರಿ 9

ಚಪ್ಪಲಿ ಹೊರಗೆ ಬಿಡುವುದನ್ನು ಇಲ್ಲಿಯವರಿಗೂ ಹೇಳಬೇಕಿಲ್ಲ, ಹಿಮವೇ ಕಲಿಸಿದೆ. ಬೂಟಿನ ಅಡಿಯಿಂದ ಉದುರುವುದು ರಸ್ತೆಗೆ ಎರಚಿದ ಉಪ್ಪು. ಒಣಗಿ ಬಿಳಿಯಾಗುತ್ತದೆ. ಬಾಗಿಲಲ್ಲಿ ರಬ್ಬರಿನ ತಟ್ಟೆ ಇಟ್ಟಿದ್ದೇವೆ.

ಟಿವಿ ಮೇಜು: ಒರೆಸಿ ಇವತ್ತಿಗೆ ಎಂಟು ದಿನ. ಬೆರಳೆಳೆದರೆ ಗೆರೆ ಈಗ ಮೂಡುತ್ತಿದೆ. ನವೆಂಬರಿನಲ್ಲಿ ಮೂರೇ ದಿನ ಸಾಕಿತ್ತು. ದೇವರ ಮನೆಯ ಕಪ್ಪು ಗೆರೆ ಹೋಗಿಲ್ಲ, ದಪ್ಪವೂ ಆಗಿಲ್ಲ. ಆದರೆ ಮಹಡಿಯ ಕೊನೆಯ ಕೋಣೆ ಯಾರೂ ಮಲಗದ್ದು, ಬಾಗಿಲು ಸದಾ ಮುಚ್ಚಿದ್ದು, ಅಲ್ಲಿ ಮಾತ್ರ ಧೂಳು ಮೊದಲಿನಷ್ಟೇ. ಏಕೆಂದು ಹೊಳೆದಿಲ್ಲ. ನಾಳೆ ಊದಿನಕಡ್ಡಿ ಹಿಡಿದು ಅಲ್ಲಿಗೆ ಹೋಗಬೇಕು.

ಮಾರ್ಚ್ 19

ಹಿಮ ಕರಗಿ ರಸ್ತೆಯಂಚಿನಲ್ಲಿ ಕೆಸರು ಕಾಣಿಸಿತು. 14 ಡಿಗ್ರಿ. ಮಗಳು ಅಡುಗೆಮನೆಯ ಕಿಟಕಿ ತೆರೆದಳು, ನಾಲ್ಕು ತಿಂಗಳಲ್ಲಿ ಮೊದಲ ಸಲ. ಸಂಜೆ ಕಟ್ಟೆಯ ಮೇಲೆ ಬೆರಳಾಡಿಸಿ ನೋಡಿದೆ. ಗರಗರ ಎಂದು ಮರಳು ಸಿಕ್ಕಿತು.