ಮುಧೋಳದ ಶ್ವಾನ ಕಂಡ ಮನುಷ್ಯ

ಬಾಗಲಕೋಟೆ ಜಿಲ್ಲೆಯ ಮುಧೋಳ ಪಟ್ಟಣವು ಘಟಪ್ರಭಾ ನದಿಯ ದಂಡೆಯ ಮೇಲಿದೆ. ಸುತ್ತಲೂ ಕಪ್ಪು ಮಣ್ಣಿನ ನೆಲ, ಕಬ್ಬಿನ ಹೊಲಗಳು, ಸುಗ್ಗಿಯ ದಿನಗಳಲ್ಲಿ ಕಬ್ಬು ಹೇರಿಕೊಂಡು ಸಾಲುಗಟ್ಟಿ ಸಾಗುವ ಟ್ರ್ಯಾಕ್ಟರುಗಳು. ಈ ಊರಿಗೆ ಎರಡು ಕೀರ್ತಿಗಳಿವೆ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನ ಜನ್ಮಭೂಮಿ ಎಂಬುದು ಮೊದಲನೆಯದು. ಇಲ್ಲಿನ ಬೇಟೆನಾಯಿ ಎರಡನೆಯದು. ನಾವು ಮೊದಲನೆಯದನ್ನು ಅರಸಿ ಹೋದೆವು. ಎರಡನೆಯದು ತಾನಾಗಿಯೇ ನಮ್ಮನ್ನು ಅರಸಿ ಬಂದಿತು.

ಮುಧೋಳವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಈ ಮನೆತನದ ಮಾಲೋಜಿರಾವ್ ಅವರು ಸ್ಥಳೀಯ ಬೇಟೆನಾಯಿಗಳ ತಳಿಯನ್ನು ಆಸಕ್ತಿಯಿಂದ ಪೋಷಿಸಿದರೆಂದೂ, ಆಂಗ್ಲ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದೂ ಊರ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶೀಯ ಶ್ವಾನಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳದ ನಾಯಿಗೂ ಸ್ಥಾನ ದೊರೆಯಿತು. 2016ರಲ್ಲಿ ಸೈನ್ಯವೂ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕರೆದೊಯ್ದಿತು. ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ಈ ನಾಯಿಯ ಅಂಗರಚನೆಯನ್ನು ನೋಡಿದರೆ ಸೃಷ್ಟಿಯ ಮಿತವ್ಯಯಕ್ಕೆ ಬೆರಗಾಗಬೇಕು. ಉದ್ದನೆಯ ಮುಖ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ನೀಳವಾದ ಕಾಲುಗಳು. ಎಲ್ಲಿಯೂ ಬೇಡದ ಮಾಂಸವಿಲ್ಲ. ಬೇರೆ ಎಷ್ಟೋ ನಾಯಿಗಳು ಮೂಗಿನಿಂದ ಬೇಟೆಯಾಡಿದರೆ ಇದು ಕಣ್ಣಿನಿಂದ ಬೇಟೆಯಾಡುತ್ತದೆ. ದೂರದ ಬಯಲಿನಲ್ಲಿ ಮೊಲವೊಂದು ಅಲುಗಿದರೂ ಸಾಕು, ಬಿಟ್ಟ ಬಾಣದಂತೆ ಚಿಮ್ಮುತ್ತದೆ. ಆದುದರಿಂದ ಇದಕ್ಕೆ ಅನ್ನಕ್ಕಿಂತಲೂ ಹೆಚ್ಚಾಗಿ ಬೇಕಾದುದು ಬಯಲು.

ನಾವು ಇಳಿದುಕೊಂಡಿದ್ದ ಭಕ್ತರ ಮನೆಯ ಕಟ್ಟೆಯ ಮೇಲೆ ಅಂಥದೊಂದು ಹೆಣ್ಣುನಾಯಿ ತನ್ನ ನಾಲ್ಕು ಮರಿಗಳೊಡನೆ ಮಲಗಿತ್ತು. ಮೂರು ದಿನಗಳ ಕಾಲ ಅದು ನಮ್ಮನ್ನೂ ಮನೆಯ ಯಜಮಾನರನ್ನೂ ಗಂಭೀರವಾಗಿ ಅವಲೋಕಿಸಿತು. ಅದಕ್ಕೆ ನುಡಿ ಬಂದಿದ್ದರೆ ಏನು ಹೇಳೀತೆಂದು ನಾವು ಊಟದ ಹೊತ್ತಿನಲ್ಲಿ ವಿನೋದಕ್ಕಾಗಿ ವಿವರಿಸತೊಡಗಿದೆವು:

“ಈ ಮನೆಯ ಒಡತಿ ನಾನು. ನನ್ನ ಆಶ್ರಯದಲ್ಲಿ ಒಬ್ಬ ಗೃಹಸ್ಥನಿದ್ದಾನೆ. ಮನುಷ್ಯ ಒಳ್ಳೆಯವನೇ, ಆದರೆ ಬೇಟೆ ಬಾರದು. ಬೆಳಗ್ಗೆ ಚೀಲ ಹಿಡಿದು ಹೋಗುತ್ತಾನೆ, ಸಂಜೆ ಬರಿಗೈಯಲ್ಲಿ ಬರುತ್ತಾನೆ. ಇದುವರೆಗೆ ಒಂದು ಮೊಲವನ್ನಾದರೂ ತಂದವನಲ್ಲ. ಓಡಲಾರ, ಮೂಸಲಾರ, ಕತ್ತಲಾದರೆ ಕಣ್ಣೂ ಕಾಣದು. ಇಂಥವನನ್ನು ಒಂಟಿಯಾಗಿ ಬಿಡುವುದು ಅಧರ್ಮವೆಂದು ಸರಪಳಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ನಿತ್ಯವೂ ಹೊಲದವರೆಗೆ ಅಡ್ಡಾಡಿಸಿ ತರುತ್ತೇನೆ. ಅಂಗೈಯಗಲದ ಪೆಟ್ಟಿಗೆಯೊಂದನ್ನು ಕಿವಿಗೆ ಹಿಡಿದು, ಎದುರಿಗೆ ಯಾರೂ ಇಲ್ಲದಿದ್ದರೂ ಬೊಗಳುತ್ತಾನೆ. ನಾನು ಹಾಗೆ ಮಾಡಿದರೆ ಮಾತ್ರ ಗದರಿಸುತ್ತಾನೆ. ಪ್ರಾತಃಕಾಲ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಾಗ ನಾನು ಹೊಸ್ತಿಲಾಚೆ ಕಾಯುತ್ತೇನೆ. ಒಲೆಯ ಮೇಲೆ ಹಾಲುಕ್ಕಿದ ಸಪ್ಪಳವಾದೊಡನೆ ನಮ್ಮಿಬ್ಬರ ತಲೆಗಳೂ ಒಟ್ಟಿಗೆ ಅತ್ತ ತಿರುಗುತ್ತವೆ. ಸಿರಿವಂತರು ಬಂದರೆ ಅವನು ಬಾಲವಿಲ್ಲದೆಯೂ ಬಾಲ ಅಲ್ಲಾಡಿಸಬಲ್ಲ. ಬಡವರು ಬಂದರೆ ನನ್ನ ಕೆಲಸವನ್ನು ತಾನೇ ಮಾಡಿಬಿಡುತ್ತಾನೆ.”

ಮನೆಯವರೆಲ್ಲ ನಕ್ಕರು. ಯಜಮಾನರೂ ನಕ್ಕು, “ಶಾಸ್ತ್ರಿಗಳೆ, ಕಡೆಯ ಮಾತು ನಾಯಿಯದೋ, ತಮ್ಮದೋ?” ಎಂದರು. “ನಾಯಿಯದೆಂದೇ ತಿಳಿಯಿರಿ, ನಮ್ಮದೆಂದರೆ ನಿಮಗೆ ಬೇಸರವಾದೀತು” ಎಂದೆವು.

ಮರುದಿನವೇ ಆ ವಿನೋದಕ್ಕೆ ಒಂದು ಪರೀಕ್ಷೆ ಒದಗಿತು. ದೂರದ ನಗರದಿಂದ ಶ್ರೀಮಂತರೊಬ್ಬರು ಮರಿಗಳನ್ನು ಕೊಳ್ಳಲು ಬಂದರು. ಈ ಭಾಗದ ಅನೇಕ ಬಡ ಕುಟುಂಬಗಳಿಗೆ ನಾಯಿಮರಿಗಳ ಮಾರಾಟವೂ ಒಂದು ಜೀವನೋಪಾಯ. ಅದರಲ್ಲಿ ತಪ್ಪೇನೂ ಇಲ್ಲ. ಯಜಮಾನರಿಗಂತೂ ಮಗಳ ಕಾಲೇಜಿನ ಶುಲ್ಕಕ್ಕಾಗಿ ಆ ಹಣ ಬೇಕೇ ಬೇಕಾಗಿತ್ತು. ಮುಂಗಡವನ್ನೂ ಪಡೆದಾಗಿತ್ತು. ಆಗ ಒಳಗಿನಿಂದ ಬಂದ ಮನೆಯ ಮುದುಕಿ, “ನಿಮ್ಮಲ್ಲಿ ಇದು ಓಡಾಕ ಜಾಗಾ ಎಷ್ಟೈತ್ರಿ?” ಎಂದು ಕೇಳಿದಳು. ಬಂದವರು ಐದನೆಯ ಅಂತಸ್ತಿನ ತಮ್ಮ ಮನೆಯನ್ನು ವರ್ಣಿಸಿ, ಅಲ್ಲಿ ವಿಶಾಲವಾದ ಬಾಲ್ಕನಿ ಇದೆಯೆಂದರು. “ಬಾಲ್ಕನಿಯೊಳಗ ಮೊಲಾ ಬರ್ತಾವೇನ್ರಿ?” ಎಂದಳು ಮುದುಕಿ. ಯಾರೂ ಮಾತನಾಡಲಿಲ್ಲ. ಯಜಮಾನರು ಮಗಳ ಮುಖವನ್ನು ನೋಡಿದರು, ಆಕೆ ತಲೆಯಾಡಿಸಿದಳು. ಮುಂಗಡ ಹಿಂದಕ್ಕೆ ಹೋಯಿತು. ಎರಡು ಮರಿಗಳು ಆ ವಾರವೇ ಸಮೀಪದ ಹಳ್ಳಿಯ ಒಕ್ಕಲಿಗರೊಬ್ಬರ ತೋಟದ ಪಾಲಾದವು. ಬೆಲೆ ಅರ್ಧಕ್ಕಿಂತಲೂ ಕಡಿಮೆ. ಉಳಿದ ಶುಲ್ಕಕ್ಕೆ ಯಜಮಾನರು ಸಾಲ ಮಾಡಿದರು. ಆ ಮನೆಯಲ್ಲಿ ನಾಯಿಗೆ ರೊಟ್ಟಿ ಹಾಕಿದ ಮೇಲೆಯೇ ಮುದುಕಿ ಕೈತೊಳೆದು ಊಟಕ್ಕೆ ಕೂಡುತ್ತಿದ್ದುದನ್ನು ನಾವು ಗಮನಿಸಿದ್ದೆವು. ಅದರ ಅರ್ಥ ಅಂದು ತಿಳಿಯಿತು.

ಆ ರೊಟ್ಟಿಯನ್ನು ಕಂಡಾಗ ನಮಗೆ ನೆನಪಾದುದು ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನ. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಹೋರಾಡಿದಾಗ ಗಂಗರ ಬೂತುಗನು ಅವನಿಗೆ ನೆರವಾದನು. ಬೂತುಗನ ವೀರನಾದ ಮಣಲೇರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಆ ವೀರನು ಕೇಳಿದುದು ಕಾಳಿ ಎಂಬ ಹೆಸರಿನ ನಾಯಿಯನ್ನು! ಮುಂದೆ ಆ ಕಾಳಿಯು ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಮಡಿದವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು ಭೂಮಿಯನ್ನು ದತ್ತಿ ಬಿಟ್ಟರು. ದೇಗುಲವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ವಿಧಿಸಿದರು. ಶಾಸನದ ಕಾಲ ಸೌಮ್ಯ ಸಂವತ್ಸರ, ಕ್ರಿ.ಶ. 949-50. ಮುಧೋಳದಲ್ಲಿ ರನ್ನ ಹುಟ್ಟಿದುದೂ ಅದೇ ಸೌಮ್ಯ ಸಂವತ್ಸರದಲ್ಲಿ. ಕವಿಯೊಬ್ಬ ಕಣ್ದೆರೆದ ವರ್ಷದಲ್ಲಿಯೇ ಕನ್ನಡ ನಾಡು ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆಯಿತು.

ಹಾವಿನಹಾಳ ಕಲ್ಲಯ್ಯನು ನಾಯಿಯ ಬಾಯಿಂದ ವೇದವನ್ನು ಓದಿಸಿದನೆಂಬ ಕಥೆ ನಮ್ಮ ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಕುಲದ ಹೆಮ್ಮೆಯನ್ನು ಮುರಿಯುವುದೇ ಆ ಕಥೆಯ ತಿರುಳು. ಇಂದು ನಮ್ಮ ಮನೆಗಳ ನಾಯಿಗಳು ಬಾಯಿ ತೆರೆದರೆ ವೇದವನ್ನು ಓದಲಾರವು. ನಮ್ಮ ನಡೆಯನ್ನೇ ಓದಿ ಹೇಳಿಯಾವು. ಬಂಧುಗಳ ಮುಂದೆ, ಗುರುಹಿರಿಯರ ಮುಂದೆ ನಾವು ತೊಡುವ ಮುಖ ಒಂದು; ಕದ ಮುಚ್ಚಿದ ಮೇಲಿನ ಮುಖ ಮತ್ತೊಂದು. ಎರಡನ್ನೂ ಕಂಡೂ ನಮ್ಮನ್ನು ಬಿಟ್ಟುಹೋಗದ ಸಾಕ್ಷಿ ಅದೊಂದೇ. ನಾಯಿಯನ್ನು ಸಾಕಬಯಸುವ ಸದ್ಗೃಹಸ್ಥರು ಮೊದಲು ಅದರ ಬೆಲೆಯನ್ನಲ್ಲ, ತಮ್ಮ ಅಂಗಳವನ್ನು ಅಳೆದು ನೋಡಲಿ. ದಯೆಯು ಧರ್ಮದ ಮೂಲವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಪಾಠ ನಿಜವೋ ಅಲ್ಲವೋ ಎಂಬುದನ್ನು ಮಕ್ಕಳು ಕಟ್ಟೆಯ ಮೇಲಿನ ತಟ್ಟೆಯನ್ನು ನೋಡಿ ತಿಳಿದುಕೊಳ್ಳುತ್ತಾರೆ.