ಪೆಟ್ಟಿಗೆಯೊಳಗಿನ ಕುಕ್ಕರು

ಅಮೆರಿಕಕ್ಕೆ ಹೊರಟವರ ಮನೆಯಲ್ಲಿ ಕೊನೆಯ ವಾರದ ಜಗಳಗಳೆಲ್ಲ ತೂಕದ ಜಗಳಗಳು. ವಿಮಾನದವರು ಸಾಮಾನ್ಯವಾಗಿ ಬಿಡುವುದು ಎರಡು ಪೆಟ್ಟಿಗೆ, ತಲಾ 23 ಕಿಲೋ. ಅಷ್ಟರಲ್ಲಿ ಚಳಿಗಾಲದ ಕೋಟು, ಮಾರ್ಕ್ಸ್ ಕಾರ್ಡುಗಳ ಫೈಲು, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಎಣ್ಣೆ ಒಸರದಂತೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ ಮಿಡಿ ಉಪ್ಪಿನಕಾಯಿ, ದೇವರ ಪಟ, ಎಲ್ಲವೂ ಹಿಡಿಯಬೇಕು. ಈ ಹಗ್ಗಜಗ್ಗಾಟದಲ್ಲಿ ಮೊದಲು ಹೊರಗೆ ಬೀಳುವುದು ಪ್ರೆಶರ್ ಕುಕ್ಕರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಯಾರೋ ಒಬ್ಬರು ಮತ್ತೆ ಒಳಗೆ ತೂರಿಸುವುದೂ ಅದನ್ನೇ. ತೆಗೆಯಿರಿ ಎನ್ನುವವರ ವಾದ ನೇರವಾಗಿದೆ: ಕಾಲ ಬದಲಾಗಿದೆ, ಎಲ್ಲ ಅಲ್ಲೇ ಸಿಗುತ್ತದೆ, ಎರಡು ಕಿಲೋ ಲೋಹವನ್ನು ಸಮುದ್ರ ದಾಟಿಸುವುದು ಹಳೇಕಾಲದ ಚಟ. ಇರಲಿ ಎನ್ನುವವರಿಗೆ ವಾದವೇ ಇರುವುದಿಲ್ಲ. 'ಇರಲಿ ಬಿಡು, ಬೇಕಾಗುತ್ತೆ' ಎನ್ನುತ್ತಾರೆ, ಅಷ್ಟೆ. ಸೋಲುವ ಹಾಗೆ ಕಾಣುವ ಈ ಎರಡನೆಯ ಪಕ್ಷದ ವಕಾಲತ್ತನ್ನು ನಾನು ವಹಿಸಿಕೊಳ್ಳುತ್ತೇನೆ. ತವರಿನ ನೆನಪು, ಅಮ್ಮನ ಕೈರುಚಿ ಮುಂತಾದ ಕಣ್ಣೀರಿನ ಸಾಕ್ಷಿಗಳನ್ನು ಕರೆಸುವುದಿಲ್ಲ. ಹೊಸ ದೇಶದಲ್ಲಿ ಬೇಗ ನೆಲೆನಿಲ್ಲಲು ಪೆಟ್ಟಿಗೆಯಲ್ಲಿರುವ ಬೇರೆ ಯಾವ ಸಾಮಾನಿಗಿಂತಲೂ ಕುಕ್ಕರು ಹೆಚ್ಚು ಉಪಯುಕ್ತ ಎನ್ನುವುದಷ್ಟೇ ನನ್ನ ವಾದ.

ಮೊದಲು ಇದರ ಜಾತಕ ನೋಡಬೇಕು. ಕುಕ್ಕರಿನ ಮೂಲಪುರುಷ ದೆನಿ ಪಾಪ್ಯಾಂ ಎಂಬ ಫ್ರೆಂಚ್ ವೈದ್ಯ. 1647ರಲ್ಲಿ ಬ್ಲುವಾ ಪಟ್ಟಣದ ಬಳಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ವಿಜ್ಞಾನಿ ಹೈಗೆನ್ಸ್‌ಗೆ ಸಹಾಯಕನಾಗಿದ್ದವನು 1675ರಲ್ಲಿ ಲಂಡನ್ನಿಗೆ ಹೋಗಿ ರಾಬರ್ಟ್ ಬಾಯ್ಲ್ ಬಳಿ ಕೆಲಸಕ್ಕೆ ಸೇರಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಒಳ್ಳೆಯ ಶಿಫಾರಸು ಪತ್ರ ಹಿಡಿದು ವಿದೇಶದ ಲ್ಯಾಬಿಗೆ ಹೋದ ಹುಡುಗ. 1679ರಲ್ಲಿ ಅವನು ರಾಯಲ್ ಸೊಸೈಟಿಗೆ ತೋರಿಸಿದ ಡೈಜೆಸ್ಟರ್ ಎಂಬ ಯಂತ್ರದಲ್ಲಿ ದಪ್ಪ ಲೋಹದ ಪಾತ್ರೆ, ತಿರುಪಿನಿಂದ ಬಿಗಿದ ಮುಚ್ಚಳ ಇದ್ದವು. ಆವಿ ಮಿತಿಮೀರಿದರೆ ಹೊರಬಿಡಲು ಅವನು ತೂಕ ನೇತುಹಾಕಿದ ಸನ್ನೆಯೊಂದನ್ನೂ ಅದಕ್ಕೆ ಅಳವಡಿಸಿದ. ನಮ್ಮ ಕುಕ್ಕರಿನ ತಲೆಯ ಮೇಲೆ ಕುಣಿಯುವ ವೆಯ್ಟು ಆ ಸನ್ನೆಯ ವಂಶದ್ದೇ. 1682ರ ಏಪ್ರಿಲಿನಲ್ಲಿ ಇದರಲ್ಲಿ ಬೇಯಿಸಿದ ಊಟವನ್ನು ಸೊಸೈಟಿಯ ಸದಸ್ಯರಿಗೆ ಬಡಿಸಲಾಯಿತು. ಉಂಡುಬಂದ ಸದಸ್ಯ ಜಾನ್ ಎವೆಲಿನ್, ಗಟ್ಟಿ ಮೂಳೆಗಳೂ ಚೀಸಿನಷ್ಟು ಮೆತ್ತಗಾಗಿದ್ದುದನ್ನು ದಿನಚರಿಯಲ್ಲಿ ಬರೆದಿಟ್ಟ. ಆದರೆ ಪಾಪ್ಯಾಂ ಪ್ರಾಟೆಸ್ಟೆಂಟ್ ಪಂಥದವನು. 1685ರಲ್ಲಿ ದೊರೆ 14ನೆಯ ಲೂಯಿ ಅವರಿಗೆ ರಕ್ಷಣೆ ಕೊಟ್ಟಿದ್ದ ನಾಂತ್ ಶಾಸನವನ್ನು ರದ್ದುಮಾಡಿದ ಮೇಲೆ ಆ ಪಂಥದವರಿಗೆ ಫ್ರಾನ್ಸಿನಲ್ಲಿ ಬಾಳುವೆ ಇಲ್ಲದಾಯಿತು. ಮನೆಗೆ ಮರಳುವ ಮಾತು ಅಲ್ಲಿಗೆ ಮುಗಿಯಿತು. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಗಣಿತದ ಮೇಷ್ಟ್ರಾದ, ಕಾಸೆಲ್‌ನಲ್ಲಿ ದೊರೆಯ ಆಶ್ರಯದಲ್ಲಿದ್ದ, 1707ರಲ್ಲಿ ಮತ್ತೆ ಲಂಡನ್ನಿಗೆ ಬಂದು ಬಡತನದಲ್ಲಿ ಕೊನೆಯ ವರ್ಷಗಳನ್ನು ಕಳೆದ. ಕುಕ್ಕರು ಹುಟ್ಟಿದ್ದೇ ವಲಸಿಗನ ಕೈಯಲ್ಲಿ.

ನಮ್ಮ ಅಡುಗೆಮನೆಗೂ ಅದು ವಲಸೆ ಬಂದದ್ದೇ. ಹಾಕಿನ್ಸ್, ಪ್ರೆಸ್ಟೀಜ್ ಎಂಬ ಹೆಸರುಗಳೆರಡೂ ಇಂಗ್ಲೆಂಡಿನಿಂದ ತಾಂತ್ರಿಕ ಸಹಯೋಗದ ಮೇಲೆ ಬಂದವು. 1959ರ ಹೊತ್ತಿಗೆ ಎರಡೂ ಇಲ್ಲೇ ತಯಾರಾಗತೊಡಗಿದವು. ಪ್ರೆಸ್ಟೀಜ್ ಕಾರ್ಖಾನೆ ಆಗ ಇದ್ದದ್ದು ಬೆಂಗಳೂರಿನ ದೂರವಾಣಿನಗರದಲ್ಲಿ. ಹೊಸಬರನ್ನು ಹಳಬರು ಎದುರುಗೊಳ್ಳುವ ಹಾಗೆಯೇ ನಮ್ಮ ಅಜ್ಜಿಯಂದಿರು ಅದನ್ನು ಅನುಮಾನದಿಂದಲೇ ಎದುರುಗೊಂಡರು. ಗಂಜಿ ಬಸಿಯದ ಅನ್ನ ವಾಯು, ಬೇಳೆಗೆ ರುಚಿಯಿಲ್ಲ, ಯಾವತ್ತೋ ಒಂದು ದಿನ ಸಿಡಿಯುತ್ತದೆ. ಕೊನೆಯದು ಬರೀ ಭ್ರಮೆಯಾಗಿರಲಿಲ್ಲ. ಸೇಫ್ಟಿ ವಾಲ್ವಿನ ಜಾಗಕ್ಕೆ ಅಗ್ಗದ ನಕಲಿ ಬಿಡಿಭಾಗ ಹಾಕಿಸಿಕೊಂಡ ಕುಕ್ಕರುಗಳು ಸಿಡಿದದ್ದುಂಟು. ಅದಕ್ಕೆ ಪ್ರೆಸ್ಟೀಜ್ ಕಂಪನಿ ಕಂಡುಕೊಂಡ ಉಪಾಯವನ್ನು ಇಂದಿಗೂ ಮುಚ್ಚಳದ ಅಂಚಿನಲ್ಲಿ ನೋಡಬಹುದು: ಅಲ್ಲೊಂದು ಉದ್ದನೆಯ ಸೀಳಿದೆ. ವೆಯ್ಟು ಕಟ್ಟಿಕೊಂಡು, ವಾಲ್ವೂ ಕೈಕೊಟ್ಟರೆ, ರಬ್ಬರ್ ಗ್ಯಾಸ್ಕೆಟ್ ಆ ಸೀಳಿನಲ್ಲಿ ಹೊರಗುಬ್ಬಿ ಆವಿಗೆ ದಾರಿ ಬಿಡುತ್ತದೆ. ನಕಲಿ ಮಾಲು ಕೊಳ್ಳುವ ನಮ್ಮ ಸ್ವಭಾವ ಬದಲಾಗಲಿಲ್ಲ, ಕುಕ್ಕರೇ ಬದಲಾಯಿತು. ಬದಲಾದದ್ದು ಅದೊಂದೇ ಅಲ್ಲ. ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ 1910ರಲ್ಲಿ ಮಾಡಿದ ಇಕ್ಮಿಕ್ ಕುಕ್ಕರಿನಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಇಂಗ್ಲೆಂಡಿನ ಹೆಸರು ಹೊತ್ತ ಕುಕ್ಕರಿಗೂ ನಾವು ಅದೇ ಕ್ರಮ ಕಲಿಸಿದೆವು: ತಳದಲ್ಲಿ ನೀರು, ಕೆಳಗೆ ಬೇಳೆ, ಮೇಲೆ ಅಕ್ಕಿ, ಅದರ ಮೇಲೊಂದು ತಟ್ಟೆಯಲ್ಲಿ ಬೀನ್ಸು. ಒತ್ತಡ ಬಂದ ಮೇಲೆ ಉರಿ ತಗ್ಗಿಸಿ ನಿಮಿಷ ಎಣಿಸಿ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ನಾವು ನಿಮಿಷವನ್ನು ಬದಿಗಿಟ್ಟು ಕೂಗು ಎಣಿಸಿದೆವು. ಇಷ್ಟಾದರೂ ಶ್ರಾದ್ಧದ ಅಡುಗೆಗೆ ಕುಕ್ಕರನ್ನು ಒಳಗೆ ಬಿಡದ ಮನೆಗಳು ಇನ್ನೂ ಇವೆ. ಅಂಥ ಮನೆಗಳಲ್ಲಿ ಅದಕ್ಕೆ ಗ್ರೀನ್ ಕಾರ್ಡ್ ಸಿಕ್ಕಿದೆ, ಪೌರತ್ವ ಸಿಕ್ಕಿಲ್ಲ.

ಹೀಗೆ ನೋಡಿದರೆ ನಾವು 'ನಮ್ಮದು' ಎಂದು ಪೆಟ್ಟಿಗೆಗೆ ತುಂಬುವ ಕುಕ್ಕರು ಅರವತ್ತು ಚಿಲ್ಲರೆ ವರ್ಷಗಳಲ್ಲಿ ನಮ್ಮದಾದದ್ದು. ಅದು ಒಂದಿಷ್ಟು ಬಾಗಿತು, ಮನೆಯವರು ಒಂದಿಷ್ಟು ಬಾಗಿದರು. ಹೊರಡುವವರು ತುಂಬಿಕೊಳ್ಳುವ ಉಳಿದ ಸಾಮಾನಿಗೆ ಈ ಗುಣವಿಲ್ಲ. ಸಾರಿನ ಪುಡಿ ಖರ್ಚಾಗುತ್ತದೆ. ಎಷ್ಟೇ ಹಿಡಿತದಲ್ಲಿ ಹಾಕಿದರೂ ದೀಪಾವಳಿಗೋ ಸಂಕ್ರಾಂತಿಗೋ ಡಬ್ಬಿಯ ತಳ ಕಾಣುತ್ತದೆ. ಅಕ್ಕಿಯನ್ನು ಭಾರತದಿಂದ ಒಯ್ಯಲು ಅಮೆರಿಕದ ಕಸ್ಟಮ್ಸ್ ಬಿಡುವುದೇ ಇಲ್ಲ. ದವಸ ತಿನ್ನುವ ಖಾಪ್ರಾ ಎಂಬ ಹುಳುವಿನ ಭಯ ಅವರಿಗೆ. ಮಿಕ್ಸಿ ಒಯ್ದರೆ ನಮ್ಮ ಕರೆಂಟು 230 ವೋಲ್ಟು, ಅವರದು 120. ಕುಕ್ಕರಿಗೆ ವೀಸಾ ತೊಡಕೂ ಇಲ್ಲ, ವೋಲ್ಟಿನ ತೊಡಕೂ ಇಲ್ಲ; ಅಲ್ಲಿನ ಅಂಗಡಿಯಲ್ಲಿ ಸಿಕ್ಕಿದ್ದನ್ನು ಬೇಯಿಸುತ್ತದೆ. ಭಾರತೀಯ ಅಂಗಡಿ ಇಲ್ಲದ ಊರಿನ ಸಾಧಾರಣ ಸೂಪರ್ ಮಾರ್ಕೆಟ್ಟಿನಲ್ಲೂ ಒಣ ಕಾಳುಗಳ ಒಂದು ಸಾಲು ಇರುತ್ತದೆ. ಅಲ್ಲಿ 'ಬ್ಲ್ಯಾಕ್ ಐಡ್ ಪೀಸ್' ಎಂದು ಬರೆದ ಪೊಟ್ಟಣದಲ್ಲಿ ಇರುವುದು ನಮ್ಮ ಅಲಸಂದೆ. ಆಫ್ರಿಕದಿಂದ ಗುಲಾಮರನ್ನು ತುಂಬಿ ತಂದ ಕಾಲದಲ್ಲಿ ಆ ನೆಲ ಸೇರಿದ ಕಾಳು ಅದು. ದಕ್ಷಿಣದ ರಾಜ್ಯಗಳಲ್ಲಿ ಹೊಸ ವರ್ಷದ ದಿನ ಅದನ್ನು ಅನ್ನದ ಜೊತೆ ಬೇಯಿಸಿ ತಿನ್ನುವುದು ಶುಭ. ಅದನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಕೂಗು ಕೂಗಿಸಿ ಹುಳಿ ಮಾಡಿಕೊಂಡವರು ಸ್ಥಳೀಯ ಅಂಗಡಿಯ ಗಿರಾಕಿಯಾದರು. ಪುಡಿಯ ಡಬ್ಬಿ ಅವರನ್ನು ಅಷ್ಟು ದೂರ ಕರೆದೊಯ್ಯಲಾರದು. ಇನ್ನು ಡೆನ್ವರಿನಂಥ ಊರಿಗೆ ಹೊರಟವರಿಗೆ ಈ ಚರ್ಚೆಯೇ ಬೇಡ. ಸುಮಾರು 1,600 ಮೀಟರು ಎತ್ತರದ ಆ ಊರಿನಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಕಡಲೆಕಾಳು ಬೇಯಲಿ ಎಂದು ಕಾಯುವವರಿಗೆ ಬೇರೆ ಕೆಲಸವಿರಬಾರದು. ಕುಕ್ಕರಿನೊಳಗೆ ಶಾಖ 120 ಡಿಗ್ರಿಗೆ ಹತ್ತಿರ ಹೋಗುತ್ತದೆ.

ಎಲ್ಲ ಅಲ್ಲೇ ಸಿಗುತ್ತದಲ್ಲ ಎನ್ನುವ ಆಕ್ಷೇಪ ಸುಳ್ಳಲ್ಲ. ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ತೆರೆದದ್ದು 1974ರಲ್ಲಿ; ಅಂಥ ಅಂಗಡಿಗಳಲ್ಲಿ ಸೋನಾ ಮಸೂರಿಯಿಂದ ಇಡ್ಲಿ ಸ್ಟ್ಯಾಂಡಿನವರೆಗೆ ಏನುಂಟು ಏನಿಲ್ಲ. ಆದರೆ ಸಿಗುವುದು ಬೇರೆ, ಸಿಗುವಲ್ಲಿಗೆ ಹೋಗುವುದು ಬೇರೆ. ಬಂದ ಹೊಸದರಲ್ಲಿ ಕಾರಿಲ್ಲ, ಲೈಸೆನ್ಸಿಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರು ಇನ್ನೂ ಅಂಚೆಯಲ್ಲಿ ಬರಬೇಕು, ಸಾಲ ತೀರಿಸಿದ ಚರಿತ್ರೆ ಇಲ್ಲದವರಿಗೆ ಕ್ರೆಡಿಟ್ ಕಾರ್ಡು ಕೊಡಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ. ಹೊರಗಿನ ಊಟದ ಬಿಲ್ಲನ್ನು ಮನಸ್ಸು ತಾನಾಗಿಯೇ ರೂಪಾಯಿಗೆ ಗುಣಿಸುವ ಕಾಲವೂ ಅದೇ. ಈ ಕಾಲದಲ್ಲಿ ಕುಕ್ಕರಿದ್ದ ಮನೆಯ ಲೆಕ್ಕವೇ ಬೇರೆ. ಒಂದು ಮಾತು ಒಪ್ಪುತ್ತೇನೆ: ನಾಲ್ವರು ವಿದ್ಯಾರ್ಥಿಗಳು ಒಂದು ಅಪಾರ್ಟ್‌ಮೆಂಟ್ ಹಂಚಿಕೊಳ್ಳುವುದು ಮೊದಲೇ ಗೊತ್ತಿದ್ದರೆ ನಾಲ್ಕು ಕುಕ್ಕರು ಒಯ್ಯುವುದು ಹುಚ್ಚುತನ. ಜಾಗ ತಿನ್ನುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ಸೊಪ್ಪು ಹಾಕುವುದಿಲ್ಲ. ಕುಕ್ಕರು ಪೊಳ್ಳು, ಅದರ ಹೊಟ್ಟೆಯೊಳಗೆ ಒಗ್ಗರಣೆ ಡಬ್ಬಿ, ಲಟ್ಟಣಿಗೆಯಷ್ಟು ಉದ್ದವಿಲ್ಲದ ಸೌಟು, ಕಾಲುಚೀಲ, ಮೆಂತ್ಯದ ಪೊಟ್ಟಣ ಎಲ್ಲ ಕೂರುತ್ತವೆ. ಅದು ತಿನ್ನುವುದು ತೂಕವನ್ನು, ಜಾಗವನ್ನಲ್ಲ.

ಇನ್‌ಸ್ಟಂಟ್ ಪಾಟ್ ಇರುವಾಗ ಇದೆಲ್ಲ ಯಾಕೆ ಎಂಬುದು ಇನ್ನಷ್ಟು ಬಲವಾದ ಪ್ರಶ್ನೆ. ಕೆನಡಾದ ಒಟ್ಟಾವಾದಲ್ಲಿ 2010ರಲ್ಲಿ ಬಂದ ಈ ವಿದ್ಯುತ್ ಕುಕ್ಕರಿನ ಹಿಂದಿರುವವರು ಚೀನಾದಿಂದ ಹೋಗಿ ಅಲ್ಲಿ ನೆಲೆಸಿದ ಎಂಜಿನಿಯರ್ ರಾಬರ್ಟ್ ವಾಂಗ್. ಪಾಪ್ಯಾಂ ಕೇಳಿದ್ದರೆ ತಲೆದೂಗುತ್ತಿದ್ದ. ಅಮೆರಿಕದ ಭಾರತೀಯರು ಅದನ್ನು ಹಚ್ಚಿಕೊಂಡಿರುವುದು ನಿಜ, ಹಚ್ಚಿಕೊಳ್ಳಲು ಕಾರಣಗಳೂ ಇವೆ. ಬೇಳೆ ಇಟ್ಟು ಆಫೀಸಿನ ಮೀಟಿಂಗಿಗೆ ಕೂರಬಹುದು, ಕೂಗಿಗೆ ಕಿವಿಗೊಟ್ಟು ನಿಲ್ಲಬೇಕಾಗಿಲ್ಲ. ಆದರೆ ನಮ್ಮ ಕುಕ್ಕರಿನ ಒತ್ತಡ 15 ಪಿಎಸ್‌ಐ, ಅದರದು 10ರಿಂದ 12. ಅದು ಬಿಸಿಯಾಗಲು ತೆಗೆದುಕೊಳ್ಳುವ ಹೊತ್ತಿಗೆ ಒಲೆಯ ಮೇಲಿನ ಕುಕ್ಕರು ಬೇಳೆಯನ್ನೇ ಬೇಯಿಸಿರುತ್ತದೆ. ಎರಡನೆಯ ವರ್ಷ, ಸಂಬಳ ಕೈಗೆ ಹತ್ತಿದ ಮೇಲೆ ಧಾರಾಳವಾಗಿ ಕೊಳ್ಳಲಿ. ಹೊಸ ಒಲೆಯ ಗುಣ ಕಲಿಸುವ ಕೆಲಸವನ್ನು ಮಾತ್ರ ಹಳೆಯ ಕುಕ್ಕರೇ ಚೆನ್ನಾಗಿ ಮಾಡುತ್ತದೆ. ಅಲ್ಲಿನ ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಕಾಯಿಲ್ ಒಲೆ, ಗಾಜಿನ ಒಲೆಗಳು ಗ್ಯಾಸಿನ ಹಾಗೆ ತಿರುವಿದ ಕೂಡಲೇ ಆರುವುದಿಲ್ಲ. ಮೂರನೆಯ ಕೂಗಿಗೆ ಒಲೆ ಆರಿಸಿದರೂ ನಾಲ್ಕನೆಯದು ಬಂದೇ ಬರುತ್ತದೆ, ಬೇಳೆ ಕರಗಿ ನೀರಾಗುತ್ತದೆ. ಎರಡನೆಯ ಕೂಗಿಗೇ ಆರಿಸಬೇಕು, ಇಲ್ಲವೇ ಕುಕ್ಕರನ್ನು ಪಕ್ಕಕ್ಕೆ ಸರಿಸಬೇಕು ಎಂಬುದು ಒಂದು ವಾರದಲ್ಲಿ ಕೈಗೆ ಗೊತ್ತಾಗುತ್ತದೆ. ಊರಿನಿಂದ ಫೋನಿನಲ್ಲಿ 'ನಾಲ್ಕು ಕೂಗಿಸು' ಎನ್ನುವ ಅಮ್ಮನಿಗೆ 'ಇಲ್ಲಿ ಎರಡೇ ಸಾಕಮ್ಮ' ಎಂದು ಹೇಳುವ ದಿನ ಬಂದರೆ, ಆ ಮನೆ ಅಲ್ಲಿಗೆ ಹೊಂದಿಕೊಂಡಿತು ಎಂದೇ ನನ್ನ ಲೆಕ್ಕ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬರುವುದು ಬೇರೆ ಕಡೆಯಿಂದ. ಹೋದಲ್ಲೆಲ್ಲ ಕುಕ್ಕರು ಹೊತ್ತುಕೊಂಡು ಹೋಗುವವರು ಅಲ್ಲಿನವರಾಗುವುದು ಯಾವಾಗ? ಸಾಲದ್ದಕ್ಕೆ 2013ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಸಿಡಿದ ಬಾಂಬುಗಳನ್ನು ಮಾಡಿದ್ದು ಪ್ರೆಶರ್ ಕುಕ್ಕರುಗಳಲ್ಲಿ. ಅದಾದ ಮೇಲೆ ಕೆಲಕಾಲ ವಿಮಾನ ನಿಲ್ದಾಣಗಳಲ್ಲಿ ಆ ಪಾತ್ರೆಯನ್ನು ನೋಡುವ ಕಣ್ಣೇ ಬೇರೆಯಾಗಿತ್ತು. ಆದರೆ ಕುಕ್ಕರು ಅಮೆರಿಕಕ್ಕೆ ಪರಕೀಯವೂ ಅಲ್ಲ. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದಲ್ಲಿ ಅವರದೇ ಪ್ರೆಸ್ಟೊ ಕುಕ್ಕರು ಮೆರೆದಿತ್ತು. ಈಗಿನ ಅಮೆರಿಕನ್ನರ ಅಜ್ಜಿಯರಲ್ಲಿ ಅನೇಕರು ಅದರಲ್ಲಿ ಅಡುಗೆ ಮಾಡಿದವರೇ. ಒಬ್ಬರ ಮನೆಯಲ್ಲಿ ಏನು ಬೇಯುತ್ತದೆ ಎನ್ನುವುದರಿಂದ ಅವರು ಆ ದೇಶಕ್ಕೆ ಎಷ್ಟು ಸೇರಿದವರು ಎಂದು ಅಳೆಯುವುದು ಅಳತೆಗೋಲಿನ ತಪ್ಪು. ನೆರೆಯವರ ಪರಿಚಯ, ಮಕ್ಕಳ ಶಾಲೆಯ ಸಭೆ, ಮನೆಮುಂದಿನ ಹಿಮ ಗೋರುವ ಹೊಣೆ, ತೆರಿಗೆಯ ಫಾರಂ, ಇವುಗಳಲ್ಲಿ ಅದನ್ನು ಅಳೆಯಬೇಕು. ಇಂಥ ಕೆಲಸಗಳಿಗೆಲ್ಲ ಬೇಕಾಗುವ ಹೊತ್ತು ಮತ್ತು ತಾಳ್ಮೆ ಇರುವುದು ಹೊಟ್ಟೆ ತುಂಬಿದವರಿಗೆ. ಬರೀ ಡಬ್ಬಿ ಕಾಳು, ಬ್ರೆಡ್ಡಿನಲ್ಲಿ ದಿನ ತಳ್ಳುವವರು ಸಂಜೆ ಹೊತ್ತು ಊರಿನ ಬಗ್ಗೆ ಹೆಚ್ಚು ಹಂಬಲಿಸುತ್ತಾರೆಯೇ ಹೊರತು ಕಡಿಮೆಯಲ್ಲ.

ಆದ್ದರಿಂದ ಇರಲಿ ಬಿಡು ಎನ್ನುವವರ ಪಕ್ಷಕ್ಕೇ ನನ್ನ ವೋಟು; ಜೊತೆಗೆ ಒಂದೆರಡು ಷರತ್ತು. ಒಬ್ಬರಿಗೋ ಇಬ್ಬರಿಗೋ ಆದರೆ ಮೂರು ಲೀಟರಿನದು ಸಾಕು. ಅಲ್ಯೂಮಿನಿಯಂ ಬೇಡ; ಇಂಡಕ್ಷನ್ ಒಲೆಯಿದ್ದರೆ ಅದು ಕಾಯುವುದೇ ಇಲ್ಲ, ಇಂಡಕ್ಷನ್‌ಗೆ ಒಗ್ಗುವ ತಳದ ಸ್ಟೀಲಿನದಕ್ಕೆ ಆ ಕಾಟವಿಲ್ಲ. ಕುಕ್ಕರನ್ನು ಕ್ಯಾಬಿನ್ ಬ್ಯಾಗಿನಲ್ಲಿಟ್ಟು ಸ್ಕ್ಯಾನರ್ ಹುಡುಗನಿಗೆ ಗಾಬರಿ ಹುಟ್ಟಿಸುವುದು ಬೇಡ, ಚೆಕ್-ಇನ್ ಪೆಟ್ಟಿಗೆಗೇ ಹಾಕಿ. ಉಪ್ಪಿನಕಾಯಿಯಲ್ಲಿ ಅರ್ಧ ಕಿಲೋ ಕಡಿಮೆಯಾದರೂ ಚಿಂತೆಯಿಲ್ಲ, ಅದೇ ಕಂಪನಿಯ ಅದೇ ಅಳತೆಯ ಎರಡು ಗ್ಯಾಸ್ಕೆಟ್ಟು, ಒಂದು ಸೇಫ್ಟಿ ವಾಲ್ವು, ಒಂದು ವೆಯ್ಟು ಹೆಚ್ಚಿಗೆ ಇರಲಿ. ಗ್ಯಾಸ್ಕೆಟ್ಟು ಗಟ್ಟಿಯಾಗಿ ಆವಿ ಸೋರುವುದು ಸಾಮಾನ್ಯವಾಗಿ ಭಾನುವಾರ, ನೆಂಟರು ಬಂದು ಕೂತಿರುವಾಗ; ಆ ಹೊತ್ತಿಗೆ ಆನ್‌ಲೈನ್ ಆರ್ಡರ್ ಮಾಡಿದರೆ ಬರುವುದು ಬುಧವಾರ.