ರಾಜಾನುಜ್ಞೆ

ವೈದ್ಯವೃತ್ತಿಯನ್ನು ಕೈಕೊಳ್ಳುವುದಕ್ಕೆ ಅರಸನ ಅಪ್ಪಣೆ ಬೇಕೆಂಬುದು ಆಂಗ್ಲರು ತಂದ ಕಟ್ಟಳೆಯೆಂದು ಅನೇಕರು ತಿಳಿದಿರುವುದುಂಟು. ಅದು ಸರಿಯಲ್ಲ. ಶಾಸ್ತ್ರವನ್ನೋದಿ, ಅದರ ಅರ್ಥವನ್ನು ಗ್ರಹಿಸಿ, ಕ್ರಿಯೆಯನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ ಪಳಗಿದವನು ರಾಜಾನುಜ್ಞೆಯನ್ನು ಪಡೆದ ಮೇಲೆಯೇ ಚಿಕಿತ್ಸೆಗೆ ಹೊರಡತಕ್ಕದ್ದೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು ವಿಧಿಸುತ್ತದೆ. ಕುವೈದ್ಯನು ಲೋಭದಿಂದ ಜನರನ್ನು ಕೊಲ್ಲುವಂತಾಗುವುದು ರಾಜನ ದೋಷದಿಂದಲೇ ಎಂದು ಅದೇ ಗ್ರಂಥವು ಇನ್ನೊಂದೆಡೆಯಲ್ಲಿ ಕಟುವಾಗಿ ನುಡಿಯುತ್ತದೆ. ಚರಕನಾದರೋ ವೈದ್ಯರನ್ನು ಮೂರು ಬಗೆಯಾಗಿ ವಿಂಗಡಿಸಿ, ವೇಷವನ್ನು ಮಾತ್ರ ಧರಿಸಿದವನನ್ನೂ ಪರರ ಕೀರ್ತಿಯ ನೆರಳಿನಲ್ಲಿ ಬದುಕುವವನನ್ನೂ ನಿಜವಾದ ವೈದ್ಯನಿಂದ ಬೇರ್ಪಡಿಸಿದ್ದಾನೆ. ಪ್ರಾಣಾಪಾಯವುಳ್ಳ ರೋಗಕ್ಕೆ ರಾಜಪುರುಷರಿಗೆ ತಿಳಿಸದೆ ಚಿಕಿತ್ಸೆ ಮಾಡಿ, ರೋಗಿಯು ಸತ್ತರೆ ವೈದ್ಯನಿಗೆ ದಂಡವುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರವು ಹೇಳುತ್ತದೆ. ಪ್ರಾಚೀನರ ಚಿಂತೆ ವೈದ್ಯನ ಮಾನಕ್ಕಿಂತ ಹೆಚ್ಚಾಗಿ ರೋಗಿಯ ಪ್ರಾಣದ ಕಡೆಗಿದ್ದಿತೆಂಬುದು ಇವುಗಳಿಂದ ಸ್ಪಷ್ಟವಾಗುವುದು.

ಆದರೂ ಕುಂದಾಪುರದ ಸೀಮೆಯಲ್ಲಿ, ಉತ್ತರದ ಶಿರೂರಿನಿಂದ ದಕ್ಷಿಣದ ಸುವರ್ಣಾ ನದಿಯ ದಡದವರೆಗೆ, ಬಹುಕಾಲ ವೈದ್ಯನ ಹೆಸರನ್ನು ಯಾವ ಪುಸ್ತಕದಲ್ಲಿಯೂ ಬರೆಯುತ್ತಿರಲಿಲ್ಲ. ಬರೆಯಬೇಕಾದ ಅವಶ್ಯಕತೆಯೂ ಅಷ್ಟಾಗಿ ತೋರುತ್ತಿರಲಿಲ್ಲ. ಮದ್ದು ಕೊಡುವ ಪಂಡಿತನ ತಂದೆಯನ್ನೂ ಅಜ್ಜನನ್ನೂ ಊರು ಬಲ್ಲುದಾಗಿತ್ತು. ಅವನ ಮದ್ದಿನಿಂದ ಒಬ್ಬನು ಕೆಟ್ಟರೆ, ಮರುದಿನ ಆ ಮನೆಯವರನ್ನು ಅವನು ದೇವಸ್ಥಾನದ ಅಂಗಳದಲ್ಲಿಯೋ ಸಂತೆಯಲ್ಲಿಯೋ ಎದುರಿಸಲೇಬೇಕಾಗಿತ್ತು. ಊರಿನ ಕಣ್ಣೇ ಅವನ ಮೇಲಣ ಕಾವಲು. ಆ ಕಾವಲು ನಿರ್ದೋಷವಾದುದಾಗಿರಲಿಲ್ಲ. ಸತ್ತವರ ಲೆಕ್ಕವನ್ನು ವಿಧಿಯ ಮೇಲೆ ಹಾಕಿ ಸುಮ್ಮನಾಗುವುದೂ ಅದರಲ್ಲಿ ಸೇರಿದ್ದಿತು.

ಈ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1914ನೆಯ ಇಸವಿಯಲ್ಲಿ, ಮದರಾಸು ವೈದ್ಯ ನೋಂದಣಿ ಶಾಸನವು ಹುಟ್ಟಿತು. ಪಾಶ್ಚಾತ್ಯ ಪದ್ಧತಿಯನ್ನು ಕಲಿತವರ ಹೆಸರುಗಳು ಅದರ ಮೂಲಕ ಒಂದು ಪಟ್ಟಿಗೆ ಬಂದುವು. ಬ್ರಹ್ಮಾವರಕ್ಕೆ ಸಮೀಪದ ಕಲ್ಯಾಣಪುರದವರಾದ ಡಾಕ್ಟರ್ ಟಿ. ಎಂ. ಎ. ಪೈಯವರಂತಹವರು ವೈದ್ಯವಿದ್ಯೆಗಾಗಿ ಮದರಾಸಿಗೇ ಹೋಗಬೇಕಾಗಿದ್ದ ಕಾಲವದು; ಅವರೇ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದುದು 1953ರಲ್ಲಿ. ದೇಶೀಯ ವೈದ್ಯರು 1914ರ ಪಟ್ಟಿಯಿಂದ ಹೊರಗುಳಿದರು. ಅವರ ವಿಷಯವನ್ನು ವಿಚಾರಿಸುವುದಕ್ಕೆ 1921ರಲ್ಲಿ ಮದರಾಸು ಸರಕಾರವು ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1923ರಲ್ಲಿ ಅದರ ವರದಿಯು ಹೊರಬಿದ್ದಿತು. ದಾದಿಯರಿಗೂ ಸೂಲಗಿತ್ತಿಯರಿಗೂ ಸಂಬಂಧಿಸಿದ ಮದರಾಸಿನ ಶಾಸನವು 1926ರದು.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಆ ರಾಜ್ಯವು ತನ್ನದೇ ಆದ ವೈದ್ಯ ನೋಂದಣಿ ಶಾಸನವನ್ನೂ, ಆಯುರ್ವೇದ ಮೊದಲಾದ ಪದ್ಧತಿಗಳವರಿಗೆ ಬೇರೊಂದು ಶಾಸನವನ್ನೂ ಮಾಡಿತು. ಈಗ ಕರ್ನಾಟಕ ವೈದ್ಯಕೀಯ ಪರಿಷತ್ತು ಬೆಂಗಳೂರಿನಲ್ಲಿದ್ದುಕೊಂಡು ಅಲೋಪತಿ ವೈದ್ಯರ ಹೆಸರುಗಳನ್ನು ದಾಖಲಿಸುವುದು. ದುರ್ನಡತೆಯು ಸಿದ್ಧವಾದರೆ ಎಚ್ಚರಿಸುವುದಕ್ಕೂ ಹೆಸರನ್ನು ತೆಗೆದುಹಾಕುವುದಕ್ಕೂ ಅದಕ್ಕೆ ಅಧಿಕಾರವುಂಟು. ಇದು ವ್ಯಕ್ತಿಯ ಪಟ್ಟಿ. ಕಟ್ಟಡದ ಪಟ್ಟಿ ಬೇರೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನದಂತೆ ಬೈಂದೂರಿನ ಸಣ್ಣ ಕ್ಲಿನಿಕ್ಕಾಗಲಿ ಕುಂದಾಪುರದ ದೊಡ್ಡ ಆಸ್ಪತ್ರೆಯಾಗಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ವೈದ್ಯನ ನಡತೆಯ ಮೇಲಣ ದೂರಿಗೆ ಒಂದು ಬಾಗಿಲು, ಆಸ್ಪತ್ರೆಯ ವ್ಯವಸ್ಥೆಯ ಮೇಲಣ ದೂರಿಗೆ ಇನ್ನೊಂದು ಬಾಗಿಲು. ಎಷ್ಟೋ ಗೃಹಸ್ಥರು ಈ ಎರಡನ್ನೂ ತಿಳಿಯದೆ, ಮನೆಯ ಜಗಲಿಯಲ್ಲಿ ಕುಳಿತು ಬೈದು ಸಮಾಧಾನಪಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಕಟ್ಟಳೆ ಯಾತಕ್ಕೆಂದು ಕೇಳುವವರು ಈ ಕರಾವಳಿಯ ಮಳೆಗಾಲವನ್ನೊಮ್ಮೆ ನೆನೆಯಲಿ. ಮೊಣಕಾಲುದ್ದ ನೀರಿನಲ್ಲಿ ನಿಂತು ನಾಟಿ ಮಾಡಿದವನಿಗೆ ಜ್ವರ ಬರುತ್ತದೆ, ಮೀನಖಂಡ ನೋಯುತ್ತದೆ, ಕೆಲವು ದಿನಗಳಲ್ಲಿ ಕಣ್ಣು ಹಳದಿಯಾಗುತ್ತದೆ. ಮನೆಯವರು ಅದನ್ನು ಕಾಮಾಲೆಯೆಂದು ನಿಶ್ಚಯಿಸಿ, ನೆಲನೆಲ್ಲಿಯ ಮದ್ದಿಗಾಗಿ ಹೋಗುತ್ತಾರೆ. ಅದು ಇಲಿಜ್ವರವಾಗಿದ್ದ ಪಕ್ಷದಲ್ಲಿ ಕಾಲವೇ ಪ್ರಾಣ. ಇಲಿಯ ಮೂತ್ರದಿಂದ ಕೆಟ್ಟ ನೀರಿನಲ್ಲಿರುವ ರೋಗಾಣುವು ಕಾಲಿನ ಗಾಯದ ಮೂಲಕ ಒಳಹೊಕ್ಕು, ಮೂತ್ರಪಿಂಡವನ್ನೂ ಯಕೃತ್ತನ್ನೂ ಶ್ವಾಸಕೋಶವನ್ನೂ ಕೆಡಿಸಬಲ್ಲುದು. ಆರಂಭದಲ್ಲಿಯೇ ತಕ್ಕ ಔಷಧವನ್ನು ಕೊಟ್ಟರೆ ಹೆಚ್ಚಿನವರು ಬದುಕುತ್ತಾರೆ. ಪಥ್ಯ ಹಿಡಿದು ವಾರ ಕಳೆದರೆ ಮನೆಯ ದುಡಿಯುವ ಕೈಯೇ ಹೋಗುತ್ತದೆ. ಇಲ್ಲಿ ನೆಲನೆಲ್ಲಿಯದು ದೋಷವಲ್ಲ, ರೋಗವನ್ನು ಗುರುತಿಸದೆ ಅದನ್ನು ಕೊಟ್ಟ ಕೈಯದು ದೋಷ. ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕೆಂಬ ನಿಯಮದ ತಿರುಳು, ವೈದ್ಯನು ತನಗೆ ತಿಳಿಯದುದನ್ನು ತಿಳಿಯದೆಂದು ಅರಿಯುವಷ್ಟಾದರೂ ಕಲಿತಿರಬೇಕೆಂಬುದೇ.

ಹಾಗೆಂದು ಪಟ್ಟಿಯ ಹೊರಗಿರುವವರೆಲ್ಲರೂ ವಂಚಕರೆಂದರೆ ಅನ್ಯಾಯವಾಗುವುದು. ರೋಗಿಯ ಕಣ್ಣನ್ನೂ ನಾಲಗೆಯನ್ನೂ ನೋಡಿ, “ಹ್ವಾಯ್, ಇದ್ ನನ್ನಿಂದ ಆಪ್ದಲ್ಲ, ಆಸ್ಪತ್ರೆಗೇ ಹೋಯ್ಕ್” ಎಂದು ಕಳುಹಿಸಿಕೊಡುವ ಹಳ್ಳಿಯ ಪಂಡಿತರೂ ಇಲ್ಲದಿಲ್ಲ. ಪದವಿಯಿಲ್ಲದಿದ್ದರೂ ಮೊದಲೇ ರಾಜ್ಯದ ಪಟ್ಟಿಗೆ ಸೇರಿದ್ದ ದೇಶೀಯ ವೈದ್ಯರ ಹಕ್ಕನ್ನು 1970ರ ಕೇಂದ್ರ ಶಾಸನವು ಉಳಿಸಿತು. ಪದವಿಯಿಲ್ಲದ ಹೊಸಬರಿಗೆ ಬಾಗಿಲನ್ನು ಮುಚ್ಚಿತು. ಪರಂಪರೆಯಿಂದ ಬಂದ ವಿದ್ಯೆಯೊಂದೇ ವೃತ್ತಿಗೆ ಸಾಲದೆಂದು, ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ, 2018ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅದೇ ವರ್ಷವೇ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಜೀವಮಾನವೆಲ್ಲ ಸೇವೆ ಮಾಡಿದ ಒಬ್ಬಳು ತಾಯಿಗೆ ಸಲ್ಲುವ ಗೌರವ ಬೇರೆ. ನಾಳೆ ಯಾರಾದರೂ ಬಾಗಿಲಿಗೆ ಫಲಕವನ್ನು ತೂಗುಹಾಕಬಹುದೆಂಬ ಅನುಮತಿ ಬೇರೆ. ಮೊದಲನೆಯದು ಕಂಡ ಗುಣಕ್ಕೆ ಕೊಟ್ಟುದು. ಎರಡನೆಯದನ್ನು ಕಾಣದ ಗುಣಕ್ಕೆ ಕೊಡಲಾಗದು. ಪರಂಪರೆಯ ವಿದ್ಯೆಯಲ್ಲಿ ಸತ್ತ್ವವಿರುವುದನ್ನು ಪರೀಕ್ಷಿಸಿ ಬರೆದಿಡುವ ಕಾರ್ಯವು ಇನ್ನೂ ಸಾಲದೆಂಬುದು ಮಾತ್ರ ನಿಜ. ಒಬ್ಬೊಬ್ಬ ಪಂಡಿತನ ಚಿತೆಯೊಂದಿಗೆ ಗಿಡಮೂಲಿಕೆಯ ತಿಳಿವಳಿಕೆಯೂ ಉರಿದುಹೋಗುತ್ತಿದೆ.

ಪಟ್ಟಿಯಲ್ಲಿ ಹೆಸರಿದ್ದರೂ ಸಾಲದು, ಅದು ಯಾವ ಪಟ್ಟಿಯೆಂಬುದನ್ನೂ ನೋಡಬೇಕು. ಹೋಮಿಯೋಪತಿಯಲ್ಲಿ ನೋಂದಾಯಿತನಾದವನು ತಾನು ಕಲಿಯದ ಅಲೋಪತಿಯ ಔಷಧವನ್ನು ಕೊಟ್ಟು ರೋಗಿಯು ಮೃತನಾದ ಪ್ರಕರಣದಲ್ಲಿ, ಅದು ತಾನಾಗಿಯೇ ನಿರ್ಲಕ್ಷ್ಯವಾಗುವುದೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅಲೋಪತಿಯ ಸ್ಥಳಕ್ಕೆ ನೀಲಿ ಫಲಕ, ಆಯುರ್ವೇದಕ್ಕೆ ಹಸಿರು ಫಲಕ, ಅದರಲ್ಲಿ ನೋಂದಣಿಯ ಸಂಖ್ಯೆ ಎಂದು 2024ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯು ಆಜ್ಞಾಪಿಸಿದುದು ಈ ಕಾರಣಕ್ಕಾಗಿಯೇ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಶಾಸನದಂತೆ ನೋಂದಣಿಯಿಲ್ಲದೆ ಆಧುನಿಕ ವೈದ್ಯವನ್ನು ನಡೆಸುವವನಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ರಕ್ತಪರೀಕ್ಷೆ ಮಾಡುವವರೂ ಫಿಸಿಯೋಥೆರಪಿಯವರೂ 2021ರ ಶಾಸನದಿಂದ ಇಂತಹದೇ ವ್ಯವಸ್ಥೆಗೆ ಒಳಪಡುವಂತಾಗಿದೆ.

ಆದರೆ ಶಾಸನವು ಎಷ್ಟೇ ಬಲವಾಗಿರಲಿ, ಅಧಿಕಾರಿಯು ಪ್ರತಿಯೊಂದು ಬಾಗಿಲಿನಲ್ಲಿಯೂ ನಿಲ್ಲಲಾರನು. ಇಂದು ಸೀಮೆಯ ವೈದ್ಯನು ಹೊರಗಿನಿಂದ ಬಂದವನಾಗಿರಬಹುದು; ರೋಗಿಯೂ ಬೇರೆ ಊರಿನವನಾಗಿರಬಹುದು. ಅಜ್ಜನ ಪರಿಚಯವು ಕಾಯುತ್ತಿದ್ದ ಸ್ಥಳದಲ್ಲಿ ಈಗ ಒಂದು ಸಂಖ್ಯೆ ಮಾತ್ರ ನಿಂತಿದೆ. ಆ ಸಂಖ್ಯೆಯನ್ನು ಓದುವವರಿಲ್ಲದಿದ್ದರೆ ಅದು ಗೋಡೆಯ ಚಿತ್ತಾರವಷ್ಟೇ. ಧನಿಕನಾದವನು ಹತ್ತು ಮಂದಿಯನ್ನು ವಿಚಾರಿಸಿ ದೂರದ ಆಸ್ಪತ್ರೆಗೆ ಹೋದಾನು. ಕೂಲಿಯವನು ಹತ್ತಿರದ ಫಲಕವನ್ನೇ ನಂಬುವನು. ಅವನ ಪರವಾಗಿ ಓದಬಲ್ಲವರು ಓದಬೇಕು, ಕೇಳಬಲ್ಲವರು ಕೇಳಬೇಕು. ಯೋಗ್ಯನಾದ ವೈದ್ಯನು ತನ್ನ ನೋಂದಣಿಯನ್ನು ಕೇಳಿದರೆ ನೊಂದುಕೊಳ್ಳುವುದಿಲ್ಲ. ನೊಂದುಕೊಳ್ಳುವವನನ್ನು ಇನ್ನೊಮ್ಮೆ ಕೇಳುವುದು ಲೇಸು.

ಕುವೈದ್ಯನು ಬಾಳುವುದು ರಾಜನ ದೋಷದಿಂದ ಎಂದು ಸುಶ್ರುತನು ಬರೆದ ಕಾಲದಲ್ಲಿ ರಾಜನು ಒಬ್ಬನಿದ್ದನು. ಈಗ ಆ ಪದವಿಯು ಪ್ರಜೆಗಳಿಗೆಲ್ಲ ಹಂಚಿಹೋಗಿದೆ. ಪದವಿಯೊಂದಿಗೆ ಆ ದೋಷದ ಪಾಲೂ ಅವರಿಗೆ ಬಂದಿದೆ.